ಸುಬ್ಬಮ್ಮ ಕಟ್ಟಿದ ಕರಿದಾರ

ಮಲ್ಲಿಪಟ್ಟಣದ ಸುಬ್ಬಮ್ಮ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಮುಟ್ಟಿದರೆ ಉಳುಕು ಬಿಡುತ್ತದೆ ಅಂತ ಊರಿನ ನಂಬಿಕೆ. ಹಾಗಾಗಿ ಐವತ್ತು ವರ್ಷದಿಂದ ಅವಳ ಜಗಲಿಗೆ ಉಳುಕಿದ ಕಾಲು, ಹಿಡಿದ ಸೊಂಟ ತಪ್ಪಿದ್ದಿಲ್ಲ. ಹರಳೆಣ್ಣೆ ಹಚ್ಚಿ ನೀವಿ, ಕರಿದಾರ ಕಟ್ಟಿ ಕಳಿಸುವುದು ಅವಳ ಪದ್ಧತಿ. ಬಿಗುಮಾನವೂ ಅಷ್ಟೇ ಇತ್ತು ಅನ್ನಿ. ಮೊದಲು ಡಾಕ್ಟರ ಹತ್ತಿರ ಹೋಗಿ ಬಂದವರನ್ನು ಕಂಡರೆ ಮುಖ ತಿರುವುತ್ತಿದ್ದಳು.

ಪಕ್ಕದ ಮನೆ ಆಶಾರಾಣಿಯ ಮಗಳು ನಿಸರ್ಗ ಹತ್ತನೇ ಕ್ಲಾಸು. ಖೋಖೋ ಅಂದರೆ ಪ್ರಾಣ. ಅವಳ ಮೀನಖಂಡದಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿತು. ನೋವಿಲ್ಲ.

"ಆಟದಾಗೆ ಉಳುಕೈತೆ ಕಣವ್ವ, ಏನಾಗಕಿಲ್ಲ," ಅಂದು ಸುಬ್ಬಮ್ಮ ನೀವಿ, ಗಂಟಿನ ಮೇಲೆ ದಾರ ಕಟ್ಟಿದಳು.

ಕೆಲವು ದಿನಕ್ಕೆ ದಾರ ಬಿಗಿಯಾಯಿತು. ಸಡಿಲಿಸಿ ಕಟ್ಟಿದಳು. ಮತ್ತೆ ಬಿಗಿಯಾಯಿತು, ಮತ್ತೆ ಸಡಿಲಿಸಿದಳು. ಎರಡು ತಿಂಗಳಾಗುವ ಹೊತ್ತಿಗೆ, ಮೂರನೇ ಸಲ ದಾರ ಕಟ್ಟುವುದಕ್ಕೆ ಎಟಕಲೇ ಇಲ್ಲ. ಗಂಟನ್ನು ಬೆರಳಲ್ಲಿ ಅಳೆದು ನೋಡಿದಳು. ಉಳುಕಿನ ಊತವಾದರೆ ಇಳಿಯಬೇಕಿತ್ತು, ಇದು ಬೆಳೆಯುತ್ತಿದೆ.

"ಆಶಾ, ಇದು ನನ್ನ ಕೈಲಾಗಾದಲ್ಲ. ನಾಳೀಕೇ ಆಸನಕ್ಕೆ ಓಗಾನ, ನಾನೂ ಬತ್ತೀನಿ."

ಹಾಸನದಲ್ಲಿ ಸ್ಕ್ಯಾನ್ ಮಾಡಿ, ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಹೆಸರು ಸೈನೋವಿಯಲ್ ಸಾರ್ಕೋಮಾ. ಕೈಕಾಲಿನ ಮೆದು ಭಾಗದಲ್ಲಿ, ಹೆಚ್ಚಾಗಿ ಹರೆಯದವರಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. ಎಷ್ಟೋ ಸಲ ನೋವೇ ಇರುವುದಿಲ್ಲ, ಅದಕ್ಕೇ ಜನ ಮೋಸಹೋಗುತ್ತಾರೆ ಎಂದರು ಡಾಕ್ಟರು. ಆಶಾರಾಣಿ ಮಗಳ ಕೈ ಹಿಡಿದುಕೊಂಡಳು.

"ಸಾ, ಎರಡು ತಿಂಗ್ಳು ನಾನೇ ನೀವಿದ್ದು. ನನ್ನಿಂದ್ಲೇ ಬಂತಾ?" ಸುಬ್ಬಮ್ಮ ಕೇಳಿಯೇಬಿಟ್ಟಳು.

"ನಿಮ್ಮಿಂದ ಬಂದದ್ದಲ್ಲಮ್ಮ. ಆದರೆ ಇಂಥ ಗಂಟನ್ನು ನೀವಬಾರದು. ಎರಡು ತಿಂಗಳು ವ್ಯರ್ಥವಾಯಿತು. ಶ್ವಾಸಕೋಶಕ್ಕೆ ಹರಡಿಲ್ಲ, ಅದೇ ಪುಣ್ಯ."

ಆ ಎರಡು ತಿಂಗಳ ಮಾತನ್ನು ಸುಬ್ಬಮ್ಮ ಮರೆಯಲಿಲ್ಲ. ನಿಸರ್ಗಳ ಆಪರೇಷನ್, ರೇಡಿಯೇಷನ್ ಮುಗಿಯುವವರೆಗೆ ಅವಳು ಯಾರ ಕಾಲನ್ನೂ ಮುಟ್ಟಲಿಲ್ಲ. ಹುಡುಗಿಯ ಕಾಲು ಉಳಿಯಿತು. ಸುಬ್ಬಮ್ಮ ಈಗಲೂ ಉಳುಕಿಗೆ ಎಣ್ಣೆ ಹಚ್ಚುತ್ತಾಳೆ. ಗಂಟು ಅಂತ ಬಂದವರನ್ನು ಮಾತ್ರ ಗದರಿ ಆಸ್ಪತ್ರೆಗೆ ಅಟ್ಟುತ್ತಾಳೆ.

ಮೊನ್ನೆ, ವರ್ಷದ ತಪಾಸಣೆ ಮುಗಿಸಿ ಬಂದ ನಿಸರ್ಗ ಸ್ವಲ್ಪ ಕುಂಟುತ್ತಲೇ ಜಗಲಿ ಹತ್ತಿ ಕಾಲು ಚಾಚಿದಳು.

"ಏನೂ ಇಲ್ವಂತೆ ಅಜ್ಜಿ. ಆ ಹಳೇ ದಾರ ಐತಾ? ಕಟ್ಟು."

ಅದು ಸುಬ್ಬಮ್ಮನ ಎಲೆಅಡಿಕೆ ಚೀಲದಲ್ಲೇ ಇತ್ತು. ತೆಗೆದು, ಗಾಯದ ಉದ್ದನೆ ಕಲೆಯ ಮೇಲೆ ಮೆಲ್ಲಗೆ ಸುತ್ತಿದಳು. ಅಂದು ಎಟಕದೆ ಹೋದ ದಾರ ಕಟ್ಟಿದ ಮೇಲೂ ನಾಲ್ಕು ಬೆರಳಷ್ಟು ಉಳಿಯಿತು.

"ಮಿಕ್ತು ಕಣೇ," ಅಂದವಳೇ ಆ ಕಾಲನ್ನು ತಬ್ಬಿಕೊಂಡು ಅತ್ತುಬಿಟ್ಟಳು.