ಎದ್ದು ನಿಲ್ಲುವವರ ದೋಣಿ

ಕಾಕಾರ ಅಂಗೈಗಳು ಜೋಳದ ರೊಟ್ಟಿಯಷ್ಟು ಅಗಲ, ಹೆಬ್ಬೆರಳಿಗೆ ಗ್ರೀಸಿನ ಕಪ್ಪು ಕಾಯಂ. ಬಾಯಲ್ಲಿ ಹೇಳಲಾಗದ್ದನ್ನು ಆ ಕೈಗಳಲ್ಲೇ ತೋರಿಸಿಬಿಡುತ್ತಿದ್ದರು. ನಮ್ಮ ಓಣಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವರು. ನನಗೆ ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಕಾಕಾ.

ಎರಡು ಸಾವಿರದ ಇಸವಿಯಿಂದ ಈಚೆಗೆ ಉಣಕಲ್ ಕೆರೆಯಲ್ಲಿ ಮಂದಿಯನ್ನು ಸುತ್ತಾಡಿಸುವ ಕೆಲಸ ಅವರಿಗೆ ಸಿಕ್ಕಿತು. ದೋಣಿ ಓಡಿಸಲು ನನ್ನನ್ನು ಕರೆದರು. ಕಾರವಾರದ ಕಡೆಯ ಮಾರಾಟಗಾರನೊಬ್ಬ ಎರಡು ಮೋಟಾರು ದೋಣಿ ತಂದಿಳಿಸಿದ. ಅದೇ ಬಣ್ಣ, ಅದೇ ಉದ್ದ, ಅದೇ ಎಂಜಿನ್ನು. ತಳ ಮಾತ್ರ ಬೇರೆ. ಕಾಕಾ ಕೈ ಮುಗಿದಂತೆ ಮಾಡಿ, ಬೆರಳುಗಳನ್ನು ಮೇಲೆ ಬಿಡಿಸಿ, "ಇದೊಂದು" ಎಂದರು. ಆಮೇಲೆ ಅಂಗೈಯನ್ನು ನೆಲದಂತೆ ಚಾಚಿ, "ಇದೊಂದು." ಎರಡರಲ್ಲಿ ಒಂದನ್ನಷ್ಟೇ ಇಟ್ಟುಕೊಳ್ಳಬೇಕಿತ್ತು.

ಚೂಪು ತಳದ್ದು ನೀರು ಸೀಳಿಕೊಂಡು ಬೆಣ್ಣೆಯಂತೆ ಹೋಯಿತು. ಚಪ್ಪಟೆ ತಳದ್ದು, ಗಾಳಿ ಎದ್ದರೆ ಅಲೆಯ ಮೇಲೆ ಫಟ್ ಫಟ್ ಬಡಿಯಿತು.

"ಕಾಕಾ, ಚೂಪಂದ ಇಟ್ಕೊಳ್ರಿ. ಅದು ಕುದರಿ, ಇದು ಎತ್ತಿನ ಚಕ್ಕಡಿ," ಎಂದೆ.

"ನನ್ನ ಮನಸೂ ಅದರ ಮ್ಯಾಲ ಐತೋ. ಆದ್ರ ಕುಂದರೋರು ನೀ ನಾ ಅಲ್ಲಲಾ? ಮಂದೀನ ಕುಂದರಿಸಿ ನೋಡೂಣು."

ಓಣಿಯವರನ್ನೇ ಕರೆಸಿದರು. ಎಲ್ಲರೂ ಚೂಪು ತಳದ್ದರಲ್ಲಿ ಕುಳಿತ ಮೇಲೆ ಕಾಕಾರ ಅಕ್ಕ ದಂಡೆಯಿಂದ ಒಂದು ಕಾಲು ಒಳಗಿಟ್ಟರು. "ಬರ್ರಿ ಅಕ್ಕಾರ, ಇಲ್ಲಿ ಕೂಡ್ರಿ!" ಎಂದು ಇಡೀ ದೋಣಿ ಎದ್ದು ನಿಂತಿತು. ಹಿರಿಯರು ಬಂದಾಗ ಕುಳಿತೇ ಇರುವುದು ನಮ್ಮಲ್ಲಿ ಯಾರಿಗೆ ಬರುತ್ತದೆ? ದೋಣಿ ಒಂದು ಕಡೆ ವಾಲಿತು. ಅಕ್ಕ ದಂಡೆಯ ನೀರಿನಲ್ಲೇ ಕುಳಿತುಬಿಟ್ಟರು, ಸೊಂಟದವರೆಗೆ ಕೆರೆ.

"ಜಾಗಾ ಬಿಡ್ರಿ ಅಂದ್ರ ಕೆರೀನ ಬಿಟ್ಟ ಕೊಟ್ರೆಲ್ಲೋ ನನ್ನ ಮಕ್ಕಳ್ರಾ!"

ಎಲ್ಲರೂ ನಕ್ಕರು, ಕಾಕಾ ನಗಲಿಲ್ಲ. ಆ ದೊಡ್ಡ ಕೈಗಳಿಂದ ಅಕ್ಕನಿಗೆ ಟವೆಲ್ ಹೊದಿಸುತ್ತ ಹೇಳಿದರು: "ಇದು ದಂಡಿ. ನಡಕೆರ್ಯಾಗ ಯಾರರೆ ಅಜ್ಜಗ ಜಾಗಾ ಬಿಡಾಕ ಎದ್ರ?"

ಮಾರಾಟಗಾರ ಸಮಾಧಾನ ಹೇಳಿದ: "ಏಳಬೇಡಿ ಅಂತ ಒಂದು ಬೋರ್ಡ್ ಹಾಕಿ, ಮುಗೀತು."

"ಬೋರ್ಡ್ ಓದಿ ಅಕ್ಕನ ಮುಂದ ಕುಂತಿರ್ತಾರೇನ್ರಿ ನಮ್ಮ ಮಂದಿ? ಏಳೋರು ಏಳ್ತಾರ. ದೋಣೀನ ನಮ್ಮ ರೀತಿ ಕಲೀಲಿ."

ಎಲ್ಲರನ್ನೂ ಚಪ್ಪಟೆ ತಳದ್ದರಲ್ಲಿ ಕೂರಿಸಿದ ಮೇಲೆ ಅಕ್ಕ ಒದ್ದೆ ಸೀರೆಯಲ್ಲೇ ಅದನ್ನು ಹತ್ತಿದರು. ಆಗ ತಾನೇ ಬೈಸಿಕೊಂಡವರು ಮತ್ತೆ ಎದ್ದು ನಿಂತರು! ದೋಣಿ ಒಮ್ಮೆ ತಲೆದೂಗಿ ಸುಮ್ಮನಾಯಿತು. ಕಾಕಾ ಅದನ್ನೇ ಇಟ್ಟುಕೊಂಡರು, ನಾನು ಮುಖ ಊದಿಸಿಕೊಂಡೇ ಓಡಿಸಿದೆ. ಆ ಚಕ್ಕಡಿ ನನ್ನ ಬೆನ್ನು ನೋಯಿಸಿತೇ ಹೊರತು ಒಬ್ಬರನ್ನೂ ನೀರಿಗೆ ಕೆಡವಲಿಲ್ಲ.

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಹಾಸಿಗೆ ಹಿಡಿಯುವ ಮುಂಚೆ ಒಂದು ಸಂಜೆ ಕೋಲೂರಿಕೊಂಡು ಕೆರೆಗೆ ಬಂದಿದ್ದರು. ದೋಣಿಯಲ್ಲಿದ್ದವರಿಗೆ ಅವರು ಯಾರೆಂದೇ ಗೊತ್ತಿಲ್ಲ. ಆದರೂ ಅವರು ಕಾಲಿಟ್ಟದ್ದೇ ತಡ, ಎಲ್ಲರೂ ಎದ್ದು ನಿಂತರು: "ಬರ್ರಿ ಅಜ್ಜಾರ, ಕೂಡ್ರಿ." ದೋಣಿ ತುಸು ತೂಗಿ ನಿಂತಿತು.

ಕಾಕಾ ನನ್ನ ಕಡೆ ತಿರುಗಿ, ಅಂಗೈಯನ್ನು ನೆಲದಂತೆ ಚಾಚಿ, ನಕ್ಕರು.