ಹಣೆ ಮುಟ್ಟುವ ತನಕ

ನಮ್ಮ ಅಪ್ಪ ಊಟಕ್ಕೆ ಕೂತು ಬಾಯಿಬಿಟ್ಟು ರೊಟ್ಟಿ ಕೇಳಿದ್ದೇ ಕಮ್ಮಿ. ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗಗಳ ಸದ್ದಿನಲ್ಲಿ ದುಡಿದು ದುಡಿದು ಅವನ ಮಾತೆಲ್ಲ ಕೈಗೆ ಇಳಿದಿದೆ. ಒಂದು ಬೆರಳು ಎತ್ತಿದರೆ ಒಂದು ರೊಟ್ಟಿ. ಅವ್ವ ಹಣೆ ಮುಟ್ಟಿಕೊಂಡರೆ ತಿಳಿಯಿತು ಎಂದರ್ಥ. ಮಗ್ಗದ ಶೆಡ್ಡುಗಳಲ್ಲಿ ಎಲ್ಲರದೂ ಇದೇ ರೂಢಿ.

ನನ್ನ ಕೆಲಸ ಅದೇ ಊರಿನ ಒಂದು ಸೈಝಿಂಗ್ ಕಾರ್ಖಾನೆಯ ಆಫೀಸಿನಲ್ಲಿ. ಅಲ್ಲಿ ನೂಲಿಗೆ ಗಂಜಿ ಹಾಕಿ, ಬೀಮು ಎಂಬ ದೊಡ್ಡ ಉರುಳೆಗೆ ಸುತ್ತಿ, ಶೆಡ್ಡುಗಳಿಗೆ ಟೆಂಪೋದಲ್ಲಿ ಕಳಿಸುತ್ತಾರೆ. ಅದರ ಲೆಕ್ಕ ಇಡುವ ಕಂಪ್ಯೂಟರ್ ಪ್ರೋಗ್ರಾಮು ನನ್ನ ಕೈಯಲ್ಲಿದೆ. ಪರದೆಯ ಮೇಲಿನ ಬಟನ್ನಿಗೆ, ಪಾಪ, ಸ್ವತಃ ಏನೂ ಬರುವುದಿಲ್ಲ. ಸ್ಟಾಕು ಕಳೆಯುವುದು, ಗೇಟ್ ಪಾಸ್ ಬರೆಯುವುದು ಎಲ್ಲ ಡೇಟಾಬೇಸಿನೊಳಗೆ ಕೂತಿರುವ ಸ್ಟೋರ್ಡ್ ಪ್ರೊಸೀಜರಿನ, ಅಂದರೆ ಮೊದಲೇ ಬರೆದಿಟ್ಟ ಆದೇಶಗಳ ಕಟ್ಟಿನ, ಕೆಲಸ. ಬಟನ್ನು ಅದರ ಹೆಸರು ಕೂಗಿ, ಯಾವ ಶೆಡ್ಡು, ಯಾವ ನೂಲು ಎಂದು ಹೇಳಿ ಸುಮ್ಮನಾಗುತ್ತಿತ್ತು.

ಆ ಸುಮ್ಮನಾಗುವುದೇ ತಲೆನೋವಾಯಿತು. ನಮ್ಮ ವಯಸ್ಸಾದ ಗುಮಾಸ್ತರು, ದಿವಾಣಜಿ ಎನ್ನುತ್ತೇವೆ, ಬಟನ್ನು ಒತ್ತಿದ ಮೇಲೆ ಪರದೆ ಮಿಸುಕದಿದ್ದರೆ ಮತ್ತೊಮ್ಮೆ ಒತ್ತುತ್ತಿದ್ದರು. ಒಳಗೆ ಎರಡು ಸಲ ಕೆಲಸ ನಡೆದು, ಒಂದು ಬೀಮು ಕೇಳಿದ ಶೆಡ್ಡಿಗೆ ಎರಡು ಹೋದವು. ಇನ್ನೊಂದು ಶೆಡ್ಡಿನಲ್ಲಿ ಬೀಮಿಲ್ಲದೆ ಮಗ್ಗ ನಿಂತಿತು. ಇನ್ನೊಮ್ಮೆ ಹೀಗಾದರೆ ಪ್ರೋಗ್ರಾಮೂ ಬೇಡ, ಅದನ್ನು ನೋಡುವವಳೂ ಬೇಡ ಎಂದು ಮಾಲಕರು ಮರಾಠಿಯಲ್ಲಿ ಗುಡುಗಿ ಹೋದರು. ನನ್ನ ಜೀವ ಹಾರಿತು. ಮಗ್ಗದವನ ಮಗಳು ಆಫೀಸಿನಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಾಳೆ ಎಂದು ಅಪ್ಪ ಓಣಿಗೆಲ್ಲ ಕೈಸನ್ನೆಯಲ್ಲೇ ಸಾರಿ ಬಿಟ್ಟಿದ್ದ.

ಅಂದು ಊಟಕ್ಕೆ ಕೂತು ದಿವಾಣಜಿಯನ್ನು ಬಾಯಿಗೆ ಬಂದಂತೆ ಬೈದೆ. ಅವ್ವ ರೊಟ್ಟಿ ಬಡಿಯುತ್ತಲೇ ನಕ್ಕಳು.

"ಆ ಮುದುಕಪ್ಪಗ ಯಾಕ ಬೈತಿ? ನಿಮ್ಮಪ್ಪನೂ ಹಂಗ ಅದಾನ. ನಾ ಹಣಿ ಮುಟ್ಟೂ ತನಕ ಕೈ ಇಳಸೂದಿಲ್ಲ."

ತಿರುಗಿ ನೋಡಿದರೆ ಅಪ್ಪ ಆಗಲೂ ಒಂದು ಬೆರಳು ಎತ್ತಿಕೊಂಡೇ ಕೂತಿದ್ದ.

ಮರುದಿನ ಕೂತು ತಿದ್ದಿದೆ. ಈಗ ಪ್ರೊಸೀಜರು ಕೆಲಸ ಮುಗಿಸಿ ಪಾಸಿನ ನಂಬರನ್ನು ಪರದೆಗೆ ಮರಳಿಸಬೇಕು. ಅದೇ ಬೇಡಿಕೆ ಎರಡನೇ ಸಲ ಬಂದರೆ ಹೊಸ ಪಾಸು ಇಲ್ಲ, ಮೊದಲಿನ ನಂಬರೇ ಗತಿ. ದಿವಾಣಜಿ ರೂಢಿಯಂತೆ ಎರಡು ಸಲ ಒತ್ತಿದರು. ನಂಬರು ಒಂದೇ ಬಂತು. ಅವರು ಪರದೆಗೇ ಮರ್ಯಾದೆಯಿಂದ, ಬಂತ್ರೀ, ಎಂದರು.

ಮಾಲಕರಿಗೆ ನಂಬಿಕೆ ಬರಲಿಲ್ಲ. ಟೆಂಪೋದಲ್ಲಿ ಹೋಗಿ ನೀನೇ ನೋಡಿ ಬಾ ಎಂದರು. ಆ ಬೀಮು ಹೊರಟಿದ್ದು ಅಪ್ಪನ ಶೆಡ್ಡಿಗೆ. ಬೆಳಿಗ್ಗೆಯಿಂದ ಅವನ ಮಗ್ಗ ನಿಂತಿತ್ತು, ಅವನು ಗೇಟಿನಲ್ಲೇ ಕಾಯುತ್ತಿದ್ದ. ಟೆಂಪೋದ ಹಿಂದೆ ಬಗ್ಗಿ ನೋಡಿದ. ಒಂದೇ ಬೀಮು. ಒಳಗಿನ ಉಳಿದ ಮಗ್ಗಗಳ ಸದ್ದಿನಲ್ಲಿ ಏನು ಹೇಳಿದರೂ ಕೇಳುವಂತಿರಲಿಲ್ಲ. ಅಪ್ಪ ನನ್ನ ಕಡೆ ತಿರುಗಿ ಹಣೆ ಮುಟ್ಟಿಕೊಂಡ. ಖುಷಿಗೆ ನನ್ನ ಕಣ್ಣು ತುಂಬಿ ಬಂತು. ನಾನೂ ಮುಟ್ಟಿಕೊಂಡೆ.