ಅರಿವಿಗೆ ಅಂಚುಂಟು

ತಿಕೋಟಾದ ಬಸ್‌ಸ್ಟ್ಯಾಂಡಿನಿಂದ ಬಜಾರದ ಕಡೆ ನಡೆದರೆ ಬಲಕ್ಕೆ ಅಮರಪ್ಪನ ಬಟ್ಟೆ ಅಂಗಡಿ. ಯಾರನ್ನೂ ಕೇಳಬೇಕಾಗಿಲ್ಲ, ಬೋರ್ಡೇ ಕರೆದು ಹೇಳುತ್ತದೆ. ಆ ಸಾಲಿನ ಉಳಿದ ಅಂಗಡಿಗಳ ಮೇಲೆ ಸಿನಿಮಾದ ಹುಡುಗಿಯರು ಸೀರೆ ಉಟ್ಟು ನಗುತ್ತಿದ್ದರೆ, ಇವನ ಅಂಗಡಿಯ ಮೇಲೆ ಕೂದಲು ಕೆದರಿದ, ದಪ್ಪ ಮೀಸೆಯ ಒಬ್ಬ ಮುದುಕ ಕೂತಿದ್ದಾನೆ. ಜಗತ್ತೆಲ್ಲ ಬಲ್ಲ ವಿಜ್ಞಾನಿ ಅವನು. ಊರ ಪೇಂಟರ ಭಾಗಪ್ಪ ಮಾತ್ರ, ಬರೀ ಹಣೆ ಬಿಡುವುದು ಹೇಗೆಂದು, ತೆಳ್ಳಗೆ ವಿಭೂತಿ ಎಳೆದುಬಿಟ್ಟ. ಹಾಗಾಗಿ ಹೊಸಬರು ಯಾವುದೋ ಮಠದ ಅಜ್ಜನೆಂದು ತಿಳಿದು ಕೈಮುಗಿದು ಮುಂದೆ ಹೋಗುವುದುಂಟು. ಅವನ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಮಾತು: ‘ಅರಿವಿಗೆ ಅಂಚುಂಟು, ಕಲ್ಪನೆಗೆ ಅಂಚಿಲ್ಲ.’ ಅದರ ಕೆಳಗೆ ಸಣ್ಣಕ್ಷರದಲ್ಲಿ: ‘ಹೇಳಿಕೊಟ್ಟವರು ಪ್ರಲ್ಹಾದ ಮಾಸ್ತರು, ಬಬಲೇಶ್ವರ ಸಾಲಿ.’

ಈ ಸೀಮೆಯಲ್ಲಿ ಬಟ್ಟೆಗೆ ಅರಿವಿ ಎನ್ನುತ್ತಾರೆ. ಅರಿವಿ ಒಗೆಯುವುದು, ಅರಿವಿ ಹೊಲಿಸುವುದು, ಅರಿವಿ ಅಂಗಡಿ. ಅರಿವಿಗೆ ಅಂಚಿರುತ್ತದೆ ಎಂಬುದು ತೊಟ್ಟಿಲ ಕೂಸಿಗೂ ಗೊತ್ತು. ಹೀಗಾಗಿ ಆ ಬೋರ್ಡು ಓದಿದ ಯಾರೂ ತಕರಾರು ತೆಗೆದಿರಲಿಲ್ಲ. ಅರಿವು ಎಂಬ ಇನ್ನೊಂದು ಶಬ್ದವಿದೆ, ಅದಕ್ಕೂ ‘ಗೆ’ ಹಚ್ಚಿದರೆ ‘ಅರಿವಿಗೆ’ ಎಂದೇ ಆಗುತ್ತದೆ ಎಂಬುದು ಅಮರಪ್ಪನ ತಲೆಗೆ ಅರವತ್ತು ದಾಟುವವರೆಗೂ ಹೊಳೆಯಲಿಲ್ಲ. ದಡ್ಡನೇನಲ್ಲ ಮತ್ತೆ. ಹದಿಮೂರರ ವಯಸ್ಸಿನಲ್ಲಿ ಕಿವಿಗೆ ಒಂದು ರೀತಿ ಬಿದ್ದ ಮಾತನ್ನು ಮನುಷ್ಯ ಬೇರೆ ರೀತಿ ಕೇಳಿಸಿಕೊಳ್ಳುವುದೇ ಇಲ್ಲ, ಅಷ್ಟೆ.

ಆಗ ಅವನ ಮನೆ ನಿಡೋಣಿಯಲ್ಲಿ. ಸಾಲಿ ಬಬಲೇಶ್ವರದಲ್ಲಿ. ಬುತ್ತಿ ಕಟ್ಟಿಕೊಂಡು, ಜೋಳದ ಹೊಲಗಳ ನಡುವೆ ಕಲ್ಲು ಒದೆಯುತ್ತ ಹೋಗುವ ಹುಡುಗರ ಗುಂಪಿನಲ್ಲಿ ಅವನೂ ಒಬ್ಬ. ಆ ವರ್ಷ ವಿಜಾಪುರದಿಂದ ಹೊಸ ವಿಜ್ಞಾನ ಮಾಸ್ತರರು ಬಂದರು. ಪ್ರಲ್ಹಾದ ಮಾಸ್ತರು. ತೆಳ್ಳಗೆ, ಬೆಳ್ಳಗೆ, ಆಗಷ್ಟೇ ಕಾಲೇಜು ಮುಗಿಸಿದವರು. ಬಂದ ಮೊದಲ ದಿನವೇ ಗೋಡೆಗೆ ಆ ಕೆದರುಗೂದಲಿನವನ ಚಿತ್ರ ಅಂಟಿಸಿದರು. ಅವನ ಹೆಸರು ಹುಡುಗರ ನಾಲಿಗೆಯಲ್ಲಿ ಹೊರಳಲಿಲ್ಲ. ಮಾಸ್ತರರೂ ಜುಲುಮೆ ಮಾಡಲಿಲ್ಲ, ‘ಅಂವ’ ಎಂದೇ ರೂಢಿ ಬಿತ್ತು. ಅಂವ ಸೊಲ್ಲಾಪುರದ ಕಡೆಯವನಿರಬೇಕು, ಮಾಸ್ತರರ ಸೋದರಮಾವನಿರಬೇಕು ಎಂದು ಹುಡುಗರು ತಮ್ಮತಮ್ಮಲ್ಲೇ ಇತ್ಯರ್ಥ ಮಾಡಿಕೊಂಡರು.

ಎಲ್ಲದಕ್ಕೂ ಮಾಸ್ತರರು ಅವನನ್ನೇ ಮುಂದೆ ಮಾಡುತ್ತಿದ್ದರು. ಯಾರಾದರೂ ತಡವಾಗಿ ಬಂದರೆ, “ವೇಳ್ಯಾ ಎಲ್ಲಾರಿಗೂ ಒಂದೇ ನಮೂನಿ ಓಡಂಗಿಲ್ಲ ಅಂತ ಅಂವ ಹೇಳ್ಯಾನ. ಆದ್ರ ನಮ್ಮ ಹೆಡ್‌ಮಾಸ್ತರ ಗಡಿಯಾರಕ್ಕ ಅದು ಗೊತ್ತಿಲ್ಲಪಾ, ಹೊರಗ ನಿಂದ್ರು” ಎನ್ನುವರು. ತಲೆ ಬಾಚದೆ ಬಂದವನಿಗೆ, “ಅಂವಗ ಬಾಚ್ಕೊಳ್ಳಲಿಕ್ಕೆ ಪುರಸತ್ತಿರಲಿಲ್ಲ. ನಿನಗ ಏನ ದಂಧೇ ಅದಲೇ?” ಎನ್ನುವರು. ಉತ್ತರ ಬಾರದೆ ನಿಂತವನಿಗೆ ಮಾತ್ರ ಎಂದೂ ಬೈಯುತ್ತಿರಲಿಲ್ಲ. “ಗೊತ್ತಿಲ್ಲ ಅನ್ನಲಿಕ್ಕೆ ನಾಚಬ್ಯಾಡ. ಅಂವಗೂ ಗೊತ್ತಿರಲಿಲ್ಲ, ಅದಕ್ಕ ಹುಡುಕಿದ. ಗೊತ್ತಿದ್ದವರು ಉಂಡು ಮಲಗಿದ್ರು.” ಇಡೀ ವರ್ಗ ಗೊಳ್ಳೆಂದು ನಗುತ್ತಿತ್ತು. ಆ ನಗೆಯಲ್ಲಿ ಕಲಿತದ್ದೇ ಆ ಹುಡುಗರಿಗೆ ಉಳಿಯಿತು ನೋಡಿ, ಉರುಹೊಡೆದದ್ದು ಪರೀಕ್ಷೆ ಮುಗಿದ ಸಂಜೆಗೇ ಹಾರಿಹೋಯಿತು.

ಇನ್ನು ಆ ದಿನದ ಸಂಗತಿ. ಅಮರಪ್ಪನ ಅವ್ವ ಅವನಪ್ಪನ ಹಳೇ ಅಂಗಿ ಕತ್ತರಿಸಿ ಮಗನ ಅಳತೆಗೆ ಹೊಲಿದಿದ್ದಳು. ಹರಿದಲ್ಲೆಲ್ಲ ತೇಪೆ, ತೇಪೆಯ ಬಣ್ಣ ಒಂದೊಂದು ತರಹ. ಸಾಲಿಗೆ ಬರುತ್ತಲೇ ಹುಡುಗರಿಗೆ ಹಬ್ಬವಾಯಿತು. ಭೂಗೋಳದ ಪಾಠ ಆಗಷ್ಟೇ ಆಗಿತ್ತು. ಒಬ್ಬ ಅವನ ಬೆನ್ನಿನ ಮೇಲೆ ಬೆರಳಿಟ್ಟು, “ಇದು ಮಹಾರಾಷ್ಟ್ರ, ಇದು ಆಂಧ್ರ, ಇಲ್ಲಿ ತೂತು ಐತಲ್ಲ, ಇದು ಬಂಗಾಲದ ಉಪಸಾಗರ” ಎಂದು ಪಾಠ ಮಾಡಿದ. ಹುಡುಗಿಯರೂ ನಕ್ಕರು. ಅಮರಪ್ಪ ಮುಂದಿನ ಬಾಕಿನ ಮೇಲೆ ತಲೆ ಬಗ್ಗಿಸಿ ಕೂತ. ನಾಳೆಯಿಂದ ಸಾಲಿ ಸಾಕು, ಕುರಿ ಕಾಯಲು ಹೋದರೂ ಹೋದೇನು ಎಂದು ನಿಶ್ಚಯ ಮಾಡಿಯೇಬಿಟ್ಟಿದ್ದ. ಅಷ್ಟರಲ್ಲಿ ಮಾಸ್ತರರು ಒಳಗೆ ಬಂದರು. ಬಾಗಿಲಲ್ಲೇ ಒಂದು ಗಳಿಗೆ ನಿಂತರು. ಆಮೇಲೆ ಗೋಡೆಯ ಚಿತ್ರ ತೋರಿಸಿ ಹೇಳಿದರು: “ಅಂವನ ಮಾತಿನ ಸಾರ ಏನದ ಗೊತ್ತೇನ್ರಪಾ? ಅರಿವಿಗೆ ಅಂಚು ಅದ, ಕಲ್ಪನಾಕ್ಕ ಅಂಚಿಲ್ಲ.”

ಹುಡುಗನ ಕಿವಿಗೆ ಅದು ಹೇಗೆ ಬಿದ್ದಿತೆಂದು ಬೇರೆ ಹೇಳಬೇಕೇ. ಅರಿವಿ ಒಂದು ಕಡೆ ಮುಗಿಯುತ್ತದೆ, ಹರಿಯುತ್ತದೆ, ತಮ್ಮಾ, ನಿನ್ನ ತಲೆಯಲ್ಲಿರುವುದು ಮುಗಿಯುವುದಿಲ್ಲ. ಮಾಸ್ತರರು ತನ್ನ ಅಂಗಿ ನೋಡಿ ತನಗೇ ಹೇಳಿದರು, ಯಾರನ್ನೂ ಬೈಯದೆ ಹೇಳಿದರು ಎಂದು ಅವನ ಎದೆ ತುಂಬಿತು. ಮರುದಿನ ಅದೇ ಅಂಗಿ ತೊಟ್ಟು ಸಾಲಿಗೆ ಹೋದ. ಅದೇ ಅಂಗಿಯಲ್ಲಿ ಪಾಸಾದ. ಮ್ಯಾಟ್ರಿಕ್ ಮುಗಿಸಿ ತಿಕೋಟಾದಲ್ಲಿ ಸೋದರಮಾವನ ಅಂಗಡಿ ಸೇರಿ, ಕೊನೆಗೆ ತನ್ನದೇ ಅಂಗಡಿ ತೆಗೆದಾಗ ಬೋರ್ಡಿಗೆ ಏನು ಬರೆಸಲಿ ಎಂದು ಅವನು ಯೋಚಿಸಲೇ ಇಲ್ಲ.

ಆ ಒಂದು ಮಾತಿನ ಮೇಲೆ ಅವನು ಸಂಸಾರ ಕಟ್ಟಿದ. ಸೀರೆ ಆರಿಸಲಾರದೆ ಒದ್ದಾಡುವ ಹೆಂಗಸರಿಗೆ, “ಅಂಚ ತಿರುವಿ ತಿರುವಿ ಏನ ನೋಡ್ತೀಯವ್ವ, ಉಟ್ಟ ಮ್ಯಾಲ ಹೆಂಗ ಕಾಣತೈತಿ ಕಲ್ಪನಾ ಮಾಡು” ಎನ್ನುತ್ತಿದ್ದ. ಬಿಜ್ಜರಗಿಯ ಕುರಿಗಾರರು ಧೂಳುಗಾಲಲ್ಲಿ ಬಂದರೂ ಗಾದಿಯ ಮೇಲೆಯೇ ಕೂರಿಸುತ್ತಿದ್ದ. ಹರಿದ ಅಂಗಿಯ ಹುಡುಗ ಯಾರೇ ಅಂಗಡಿ ಮುಂದೆ ಹಾದುಹೋದರೂ ಒಳಗೆ ಕರೆದು, ಅಂಗಿ ಬಿಚ್ಚಿಸಿ, ಹೊಲಿಗೆ ಮಷೀನಿಗೆ ತಾನೇ ಕೂತು ಹೊಲಿದು ಕೊಡುತ್ತಿದ್ದ. ಹೊಲಿಯುತ್ತ ಬೋರ್ಡಿನ ಮಾತು ಹೇಳುತ್ತಿದ್ದ. “ನಮ್ಮ ಸರ್ ನನಗ ಹೇಳಿದ್ದು” ಎನ್ನುವಾಗ ‘ನನಗ’ ಎಂಬಲ್ಲಿ ಅವನ ದನಿ ಸ್ವಲ್ಪ ಏರುತ್ತಿತ್ತು. ಮಾಸ್ತರರನ್ನು ನೋಡಲು ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಮಾಸ್ತರರಿಗೆ ವರ್ಗವಾಯಿತು, ಇವನಿಗೆ ಅಂಗಡಿಯಾಯಿತು, ಇವತ್ತು ನಾಳೆ ಎನ್ನುತ್ತ ಕೂದಲು ಬೆಳ್ಳಗಾದವು.

ಮೊನ್ನೆ ಬೇಸಿಗೆಯಲ್ಲಿ, ಪರೀಕ್ಷೆಯ ದಿನಗಳಲ್ಲಿ, ಕಾಲೇಜು ಲೆಕ್ಚರರ್ ಹುಡುಗಿಯೊಬ್ಬಳು ಅಂಗಡಿಯ ಮುಂದೆ ನಿಂತು ಮೊಬೈಲಿನಲ್ಲಿ ಬೋರ್ಡಿನ ಫೋಟೋ ತೆಗೆಯತೊಡಗಿದಳು. ತಿಕೋಟಾಕ್ಕೆ ಪರೀಕ್ಷೆಯ ಡ್ಯೂಟಿಗೆ ಬಂದವಳು, ಹೆಸರು ಧನಶ್ರೀ.

“ಕಾಕಾ, ಇಲ್ಲಿ ಬರದದ್ದು ನಮ್ಮ ಅಜ್ಜನ ಹೆಸರು ರೀ” ಎಂದಳು.

ಅಮರಪ್ಪ ಗಾದಿಯಿಂದ ಎದ್ದೇ ನಿಂತ. ಚಹಾ ತರಿಸಿದ, ಫ್ಯಾನು ಅವಳ ಕಡೆ ತಿರುಗಿಸಿದ, ಸರ್ ಹೇಗಿದ್ದಾರೆಂದು ಕೇಳಿದ್ದನ್ನೇ ಮತ್ತೆ ಕೇಳಿದ. ಹುಡುಗಿ ನಗುತ್ತ ಹೇಳಿದಳು: “ಅಜ್ಜ ಆರಾಮಿದ್ದಾರ್ರಿ. ಇದನ್ನ ನೋಡಿದ್ರ ಹೊಟ್ಟಿ ಹಿಡ್ಕೊಂಡು ನಗ್ತಾರ. ಎಂಥಾ ಛಂದ ಜೋಡಿಸೀರಿ ಕಾಕಾ. ಅಜ್ಜ ಜ್ಞಾನಕ್ಕ ಅರಿವು ಅಂದ್ರು, ನೀವು ಅದನ್ನ ಅರಿವಿ ಮಾಡಿ ಅಂಗಡಿಗೇ ಹಚ್ಚಿಬಿಟ್ರಿ. ಇಂಥಾ ಜೋಕು ಎಲ್ಲಾರಿಗೂ ಹೊಳಿಯಂಗಿಲ್ಲ.”

ಅಮರಪ್ಪನೂ ನಕ್ಕ. ವ್ಯಾಪಾರಸ್ಥನ ನಗೆ ಅದು, ಕರೆದಾಗ ಬರುತ್ತದೆ. ಅವಳು ಹೋದ ಮೇಲೆ ಗಿರಾಕಿಯೊಬ್ಬಳು ರವಿಕೆ ಕಣ ಕೇಳಿದರೆ ಇವನು ಟವೆಲ್ಲು ತೆಗೆದು ಮುಂದಿಟ್ಟ. ಹೊತ್ತಿಗೆ ಮುಂಚೆಯೇ ಬಾಗಿಲು ಹಾಕಿ ಮನೆಗೆ ಬಂದವನೇ ಹೆಂಡತಿಯನ್ನು ಕೇಳಿದ: “ನಮ್ಮ ಬೋರ್ಡಿನ ಮ್ಯಾಲ ಅರಿವಿಗೆ ಅಂತ ಐತಲ್ಲ, ಹಂಗಂದ್ರ ಏನಬೇ?”

ಅಕ್ಕನಾಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಅರಿವು ಅಂದ್ರ ಅರಿವು. ದಿನಾ ಮಠದಾಗ ಹೇಳಂಗಿಲ್ಲೇನು? ನಾ ಲಗ್ನಾಗಿ ಬಂದಾಗನ ತಿಳಕೊಂಡೆ. ಗಂಡ ಭಾರಿ ಚಾಷ್ಟಿ ಮನಷ್ಯಾ ಅದಾನ, ಎರಡೂ ಕೂಡಿಸಿ ಬರಸ್ಯಾನ ಅಂತ ನಮ್ಮ ಅಪ್ಪಗೂ ಹೇಳಿದ್ದೆ.”

ಅಲ್ಲಿಗೆ ಮುಗಿಯಿತು. ಊರಿಗೆ ಗೊತ್ತು, ಹೆಂಡತಿಗೆ ಗೊತ್ತು, ಹೆಂಡತಿಯ ಅಪ್ಪನಿಗೂ ಗೊತ್ತು. ಜನ ನಕ್ಕಾರೆಂಬ ಚಿಂತೆ ಅವನಿಗಿರಲಿಲ್ಲ. ಅವರು ಇವನನ್ನು ಜಾಣನೆಂದೇ ತಿಳಿದಿದ್ದರಲ್ಲ. ಸಂಕಟವೇ ಬೇರೆ. ಮಾಸ್ತರರು ಹೇಳಿದ್ದು ಜ್ಞಾನದ ಮಾತಾದರೆ, ಅದು ಎಲ್ಲರಿಗೂ ಹೇಳಿದ ಪಾಠ. ತನ್ನ ಅಂಗಿಯನ್ನು ಅವರು ನೋಡಿರಲೇ ಇಲ್ಲ. ಆ ದಿನ ಆ ವರ್ಗದಲ್ಲಿ ತನ್ನ ಕಡೆಗೆ ಒಬ್ಬರೂ ಇರಲಿಲ್ಲ. ಇಷ್ಟು ವರ್ಷ ಯಾರದೋ ಮನೆಯ ಸಿಹಿಯನ್ನು ತನ್ನದೆಂದು ತಿಂದ ಹಾಗಾಯಿತು ಅವನಿಗೆ. ಮುದುಕನಾದವನು ಇಂಥದಕ್ಕೆ ಅಳಬಾರದು ಎಂದುಕೊಂಡರೂ ಕಣ್ಣು ಕೇಳಲಿಲ್ಲ. ಮುಂದೆ ಹರಿದ ಅಂಗಿಯ ಹುಡುಗನೊಬ್ಬ ಬಂದರೆ ಮಷೀನಿಗೇನೋ ಕೂತ, ಹೊಲಿದೂ ಕೊಟ್ಟ, ಬೋರ್ಡಿನ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ.

ಅಕ್ಕನಾಗಮ್ಮ ಇದನ್ನು ಎಷ್ಟೆಂದು ನೋಡುತ್ತಾಳೆ, ಕೆದಕಿ ಕೆದಕಿ ಎಲ್ಲ ಬಾಯಿಬಿಡಿಸಿದಳು. “ಹಿಂಗ ಮಾರಿ ಸಣ್ಣ ಮಾಡ್ಕೊಂಡು ಕುಂತ್ರ ಉತ್ತರ ಬರತೈತೇನು? ಅವರು ಇನ್ನೂ ಅದಾರ. ಹೋಗಿ ಕೇಳ್ರಿ.”

“ನನ್ನ ಅಂಗಿ ನೋಡಿಲ್ಲಂದ್ರ?”

“ಇಲ್ಲಂದ್ರ ಇಲ್ಲ. ನೀವು ಹುಡುಗರಿಗೆ ಅಂಗಿ ಹೊಲದಿದ್ದೇನ ಸುಳ್ಳಾಗತೈತೇನು?”

ರವಿವಾರ ಅವನು ವಿಜಾಪುರದ ಬಸ್ ಹತ್ತಿದ. ಜೋರಾಪುರ ಪೇಟೆಯ ಓಣಿಯಲ್ಲಿ ಮನೆ ಸಿಕ್ಕಿತು. ಬಾಗಿಲು ತೆರೆದವಳು ಧನಶ್ರೀ. ಮಾಸ್ತರರು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಮೈ ಇಳಿದಿತ್ತು, ಕಿವಿಗೆ ಮಷೀನು ಬಂದಿತ್ತು, ಕಣ್ಣು ಮಾತ್ರ ಅವೇ. ಅಮರಪ್ಪ ಕಾಲು ಮುಟ್ಟಿದ.

“ಬೋರ್ಡಿನಾಂವ ಬಂದೇನು?” ಎಂದು ಮಾಸ್ತರರು ನಕ್ಕರು. “ಫೋಟೋ ನೋಡಿ ಇಡೀ ದಿವಸ ನಕ್ಕೀನಿ. ಅಂವಗ ವಿಭೂತಿ ಹಚ್ಚಿದ್ದು ಯಾರಪಾ? ಪಾಪ, ಅಂವಗ ಈ ಭಾಗ್ಯ ಅದ ಅಂತ ಗೊತ್ತಿರಲಿಲ್ಲ.”

ಅವರ ಹೆಂಡತಿ ವತ್ಸಲಾಬಾಯಿ ತಿನ್ನಲು ಚುನಮರಿ ಸೂಸಲಾ ತಂದಿಟ್ಟರು. ಅಮರಪ್ಪ ಅದನ್ನು ಮುಟ್ಟಲಿಲ್ಲ. ತಲೆ ಬಗ್ಗಿಸಿಯೇ ಕೇಳಿದ: “ಸರ್, ನಾ ಜೋಕಿಗೆ ಬರಸಿಲ್ರಿ ಅದನ್ನ. ನಾ ಖರೇನ ಅರಿವಿ ಅಂತ ತಿಳಕೊಂಡಿದ್ದೆ. ನೀವು ಅಂದಿದ್ದು ಅರಿವೋ, ಅರಿವಿಯೋ?”

“ಅರಿವು. ಜ್ಞಾನ. ಅಂವ ಹೇಳಿದ್ದು ಅದನ್ನೇ.”

“ಹಂಗಾರ ಅದು ನನಗ ಹೇಳಿದ್ದಲ್ಲರಿ” ಎಂದ ಅಮರಪ್ಪ. ಇನ್ನೇನು ಎದ್ದು ಹೊರಡುವವನೇ ಇದ್ದ.

ಮಾಸ್ತರರ ನಗೆ ನಿಂತಿತು. ಪೇಪರು ಮಡಚಿ ಬದಿಗಿಟ್ಟರು. “ನೀ ಎಲ್ಲಿ ಕೂಡತಿದ್ದಿ?”

“ಆ ದಿವಸ ಮುಂದಿನ ಬಾಕಿನ ಮ್ಯಾಲರಿ.”

ಅವರು ಅವನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಅಂಚು ಅನ್ನೋ ಶಬ್ದ ಅಂವಂದಲ್ಲಪಾ. ನಾ ಇಂಗ್ಲೀಷಿನಾಗ ಓದಿ, ಮನ್ಯಾಗ ಕನ್ನಡ ಮಾಡ್ಕೊಂಡು ಬಂದಿದ್ದೆ. ಜ್ಞಾನವು ಪರಿಮಿತವಾದುದು, ಹಂಗ ಏನೋ ದೊಡ್ಡ ದೊಡ್ಡ ಶಬ್ದ. ಬಾಗಲದಾಗ ಬಂದು ನೋಡ್ತೀನಿ, ಹಿಂದಿನವರೆಲ್ಲ ನಗಲಿಕ್ಕತ್ತಾರ, ಮುಂದ ಒಬ್ಬ ಹುಡುಗ ತಲಿ ಬಗ್ಗಿಸಿ ಅಂಗಿ ತುದೀದು ದಾರ ಎಳೀಲಿಕ್ಕತ್ತಾನ. ಎಳದಂಗ ಎಳದಂಗ ಬಿಚ್ಚಲಿಕ್ಕತ್ತದ, ಅಂವಗ ಖಬರಿಲ್ಲ. ನಗವರಿಗೆ ಬೈದ್ರ ಆ ಹುಡುಗಗ ಇನ್ನಷ್ಟು ನಾಚಿಕಿ. ಏನ ಮಾಡಬೇಕು ತಿಳೀಲಿಲ್ಲ, ನಾನೂ ಹೊಸಬ. ಮಾಡ್ಕೊಂಡು ಬಂದದ್ದೆಲ್ಲ ಮರತ ಹೋತು. ಬಾಯಾಗ ಅಂಚು ಅಂತ ಬಂತು. ಮುಂದ ರಿಟಾಯರ್ ಆಗೂತನಕ ಎಲ್ಲಾ ಸಾಲ್ಯಾಗೂ ಹಂಗ ಹೇಳಿದೆ. ಹುಡುಗನ ಹೆಸರು ಮರತಿದ್ದೆ. ಆ ಅಂಗಿ ಮರತಿಲ್ಲ.”

ಅಮರಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಮೊಮ್ಮಗಳ ಎದುರು, ವತ್ಸಲಾಬಾಯಿಯ ಎದುರು, ನಾಚಿಕೆ ಬಿಟ್ಟು ಅತ್ತ. “ನಾನ್ರಿ ಸರ್ ಅಂವ” ಎಂದ.

“ಗೊತ್ತಾತು” ಎಂದರು ಮಾಸ್ತರರು. ಮುಂದಕ್ಕೆ ಬಾಗಿ, ಅವನ ಬಿಳಿ ಅಂಗಿಯ ತುದಿ ಹಿಡಿದು, ಬೆಳಕಿಗೆ ತಿರುವಿ ನೋಡಿದರು.

“ಹೊಲಿಗಿ ಗಟ್ಟಿ ಅದ” ಎಂದರು.